ಕೀಳಿಸಿದರೆ ಮುಗಿಯಿತೇ?

ನಮ್ಮ ಕಡೆ ಹಲ್ಲುನೋವು ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಒಂದೇ ಮಾತು ಹೇಳುತ್ತಾರೆ: 'ಕೀಳಿಸಿಬಿಡು, ಮುಗಿಯುತ್ತದೆ.' ಮಂಡಿನೋವಿಗೋ ಕಿವಿನೋವಿಗೋ ಯಾರೂ ಹೀಗೆ ಹೇಳುವುದಿಲ್ಲ. ಹಲ್ಲಾದರೆ ಮೂವತ್ತೆರಡಿವೆ, ಒಂದು ಹೋದರೆ ಯಾವ ಗಂಟು ಹೋಯಿತು ಎಂಬ ಧಾರಾಳ. ಈ ಧಾರಾಳದ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಶಿರಸಿಯಂಥ ಊರಿನಲ್ಲಿ ಹಲ್ಲು ಕೀಳುವುದಕ್ಕೆ ನೂರರ ಲೆಕ್ಕ. ರೂಟ್ ಕೆನಾಲ್ ಮಾಡಿ, ಮೇಲೊಂದು ಕ್ಯಾಪ್ ಕೂರಿಸಿ ಉಳಿಸುವುದಕ್ಕೆ ಸಾವಿರದ ಲೆಕ್ಕ. ಅದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹಳ್ಳಿಯಿಂದ ಬಸ್ಸು ಹಿಡಿದು ಮತ್ತೆ ಮತ್ತೆ ಪೇಟೆಗೆ ಹೋಗಿ ಬಾಯಿ ತೆರೆದು ಕೂರುವ ಪುರುಸೊತ್ತು ಯಾರಿಗಿರುತ್ತದೆ? ನೋವು ತಾಳಲಾರದ ದಿನ ಹೋಗುವುದು, ಕೀಳಿಸಿಕೊಂಡು ಹತ್ತಿ ಕಚ್ಚಿಕೊಂಡೇ ಸಂಜೆಯ ಬಸ್ಸಿಗೆ ಮರಳುವುದು. ಹಿಂದಿನ ತಲೆಮಾರಿಗೆ ಹಲ್ಲಿನ ವೈದ್ಯವೆಂದರೆ ಇಷ್ಟೇ ಆಗಿತ್ತು. ಅವರನ್ನು ದೂರುವ ಮನಸ್ಸು ನನಗಿಲ್ಲ. ನನ್ನ ತಕರಾರು ಆ ಸಲಹೆಯ ಉತ್ತರಾರ್ಧದ ಮೇಲೆ ಮಾತ್ರ. ಈ ಮಳೆಗಾಲದಲ್ಲಿ ನನ್ನ ಕೆಳದವಡೆಯ ಎಡಗಡೆಯ ದೊಡ್ಡ ಹಲ್ಲನ್ನು ಕೀಳಿಸಿದೆ. ಅದು ಇನ್ನೂ ಮುಗಿದಿಲ್ಲ.

ಹೋದದ್ದು ಯಾವ ಹಲ್ಲು ಎಂದು ಹೇಳಿಬಿಡಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅಸಡ್ಡೆಗೆ ಗುರಿಯಾಗುವುದು ಅದೇ ಹಲ್ಲು. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ ಅದು ಸದ್ದಿಲ್ಲದೆ ಮೂಡುತ್ತದೆ. ಹಾಲುಹಲ್ಲು ಬಿದ್ದರೆ ಮನೆಯಲ್ಲಿ ಸಂಭ್ರಮ. ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತೇವೆ, ಇಲಿಯ ಹತ್ತಿರ ಚಂದದ ಹಲ್ಲು ಬೇಡುತ್ತೇವೆ. ಈ ದವಡೆ ಹಲ್ಲು ಬಂದದ್ದು ಮಾತ್ರ ತಾಯಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅದನ್ನು ಹಾಲುಹಲ್ಲೆಂದೇ ತಿಳಿದು, ಹುಳುಕು ಹಿಡಿದರೆ 'ಹೇಗೂ ಬೀಳುವುದು ತಾನೇ' ಎನ್ನುತ್ತಾರೆ. ಅದು ಬೀಳುವ ಹಲ್ಲಲ್ಲ. ಸಾಯುವತನಕ ಅಗಿಯಬೇಕಾದ ಹಲ್ಲು. ನನ್ನದಕ್ಕೆ ಹುಳುಕು ಹಿಡಿದಾಗ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಅನೇಕ ವರ್ಷ ಅದು ಚಕ್ಕುಲಿ, ಕಡಲೆ, ಕಬ್ಬು ಎಲ್ಲವನ್ನೂ ಅಗಿಯಿತು.

ಈ ಸಲ ನೋವೇ ಇರಲಿಲ್ಲ. ಆ ಹಲ್ಲಿನ ಬುಡದ ವಸಡಿನ ಮೇಲೆ ಸಾಸಿವೆ ಗಾತ್ರದ ಗುಳ್ಳೆಯೊಂದು ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಬಾಯೆಲ್ಲ ಕಹಿ. ಒಂದೆರಡು ದಿನ ಬತ್ತುತ್ತಿತ್ತು, ಮತ್ತೆ ಏಳುತ್ತಿತ್ತು. ಹಲ್ಲಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಮಿಲಿಮೀಟರಿನ ಗೆರೆ ಕೊರೆದ ತೆಳು ಕಡ್ಡಿಯೊಂದನ್ನು ವಸಡಿಗೂ ಹಲ್ಲಿಗೂ ನಡುವೆ ಇಳಿಸುತ್ತ ಹಲ್ಲಿನ ಸುತ್ತ ಬಂದರು. ಎಲ್ಲ ಕಡೆ ತುಸುವೇ ಇಳಿದು ನಿಲ್ಲುತ್ತಿದ್ದ ಕಡ್ಡಿ ಒಂದು ಕಡೆ ಮಾತ್ರ ಸರ್ರನೆ ಆಳಕ್ಕೆ ಹೋಯಿತು. ಎಕ್ಸ್‌ರೇಯಲ್ಲಿ ಒಂದು ಬೇರಿನ ಸುತ್ತ ಕಪ್ಪು ನೆರಳು ಕಾಣುತ್ತಿತ್ತು. 'ಅಕ್ಕಾ, ಬೇರು ಉದ್ದಕ್ಕೆ ಸೀಳಿದೆ, ಇದನ್ನು ಉಳಿಸಲು ಬರುವುದಿಲ್ಲ' ಎಂದರು. ರೂಟ್ ಕೆನಾಲ್ ಆದ ಹಲ್ಲಿನ ಒಳಗೋಡೆ ಕೊರೆದು ತೆಳುವಾಗಿರುತ್ತದೆ. ವರ್ಷಗಟ್ಟಲೆ ಅಗಿಯುವ ಭಾರಕ್ಕೆ ಕೆಲವು ಹೀಗೆ ಬಿರುಕು ಬಿಡುತ್ತವಂತೆ. ಆ ಬಿರುಕಿನಲ್ಲಿ ಸೇರಿದ ಕ್ರಿಮಿಗಳು ಮೂಳೆಯನ್ನು ಕರಗಿಸಿ, ಕೀವು ಹೊರಹೋಗಲು ದಾರಿ ಮಾಡಿಕೊಳ್ಳುತ್ತವೆ. ಆ ದಾರಿಯ ಬಾಯಿಯೇ ವಸಡಿನ ಮೇಲಿನ ಗುಳ್ಳೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಜಗುಲಿಯಲ್ಲಿ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಕೈ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ: 'ತಂಗಿ, ಮೇಲಿನದೋ ಕೆಳಗಿನದೋ?' ಕೆಳಗಿನದು ಎಂದೆ. 'ಹಾಗಾದರೆ ಅಡ್ಡಿಯಿಲ್ಲ' ಎಂದು ಮತ್ತೆ ಕುಟ್ಟತೊಡಗಿದರು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು ಅವರ ನಂಬಿಕೆ. ಅವರೊಬ್ಬರದೇ ಅಲ್ಲ, ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಭಾವನ ಮಗನೂ ಫೋನಿನಲ್ಲಿ ಅದನ್ನೇ ಕೇಳಿದ.

ಇದು ಅಜ್ಜಿಯರು ಕಟ್ಟಿದ ಕತೆ ಎಂದು ನಗುವಂತಿಲ್ಲ, ಇದಕ್ಕೆ ದೊಡ್ಡ ಮನೆತನವೇ ಇದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಾಯಿಯ ರೋಗಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ವಸಡಿನಲ್ಲಿ ಕೀವಿನ ದಾರಿ ಬಿದ್ದರೆ ಅದಕ್ಕೆ ಕಾರಣವಾದ ಹಲ್ಲನ್ನು ಕಿತ್ತು, ಗಾಯವನ್ನು ಶುದ್ಧಮಾಡಿ, ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕೆಂದು ಅಲ್ಲಿ ಹೇಳಿದೆ. ನನ್ನ ಗುಳ್ಳೆಯ ರೋಗವೇ ಅದು. ಅಲ್ಲಿ ಅದರ ಹೆಸರು ದಂತನಾಡಿ. ಆದರೆ ಮೇಲಿನ ಹಲ್ಲಾದರೆ, ಅಲುಗಾಡುತ್ತಿದ್ದರೂ ವೈದ್ಯ ಅದನ್ನು ಕೀಳಬಾರದು. ಅತಿಯಾಗಿ ರಕ್ತ ಹರಿದು ರೋಗಿ ಒಕ್ಕಣ್ಣನಾಗಬಹುದು, ಮುಖ ಸೊಟ್ಟಗಾಗಬಹುದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ರಕ್ತ ನಿಲ್ಲಿಸುವ ಸಾಧನಗಳು ಕಡಿಮೆಯಿದ್ದ ಕಾಲದ ಶಸ್ತ್ರವೈದ್ಯನೊಬ್ಬ ಹೀಗೆ ಹಿಂಜರಿದದ್ದು ನನಗೆ ಅರ್ಥವಾಗುತ್ತದೆ. ಇಂದು ತಿಳಿದಿರುವ ಪ್ರಕಾರ ಹಣೆ ಮತ್ತು ಕಣ್ಣಿನ ಭಾಗಕ್ಕೆ, ಮೇಲ್ದವಡೆಗೆ, ಕೆಳದವಡೆಗೆ ಒಂದೇ ನರದ ಮೂರು ಕವಲುಗಳು ಹೋಗುತ್ತವೆ. ಮೇಲಿನ ಹಲ್ಲಿನ ನೋವು ಕಣ್ಣಿನ ಹತ್ತಿರ ಮಿಡಿದಂತಾಗುವುದು ಅದರಿಂದ. ದೃಷ್ಟಿಯ ನರ ಬೇರೆಯದೇ. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಆದರೂ ಕೆಳಗಿನದಾದದ್ದು ಒಳ್ಳೆಯದಾಯಿತು' ಎಂದರು.

ಕೀಳುವ ದಿನ ಹೊಟ್ಟೆ ತುಂಬ ತಿಂಡಿ ತಿಂದು ಬನ್ನಿ ಎಂದಿದ್ದರು. ಖಾಲಿ ಹೊಟ್ಟೆಯಲ್ಲಿ ಇಂಜೆಕ್ಷನ್ ಕೊಟ್ಟರೆ ಹೆದರಿಕೆಗೆ ತಲೆಸುತ್ತಿ ಬೀಳುವವರಿದ್ದಾರೆ. ಬಿಪಿ ನೋಡಿದರು, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ ಎಂದು ಕೇಳಿ ಬರೆದುಕೊಂಡರು. ಕೆಳದವಡೆಗೆ ಕೊಡುವ ಇಂಜೆಕ್ಷನ್ನನ್ನು ಹಲ್ಲಿನ ಪಕ್ಕ ಚುಚ್ಚುವುದಿಲ್ಲ. ಬಾಯಿಯ ಹಿಂಬದಿಯಲ್ಲಿ, ನರ ಮೂಳೆಯೊಳಗೆ ಇಳಿಯುವ ಜಾಗದ ಹತ್ತಿರ ಚುಚ್ಚುತ್ತಾರೆ. ಅಲ್ಲಿ ಒಮ್ಮೆ ತಡೆದರೆ ಆ ಕಡೆಯ ಎಲ್ಲ ಹಲ್ಲುಗಳೂ ಅರ್ಧ ತುಟಿಯೂ ಮರಗಟ್ಟುತ್ತವೆ, ನಾಲಿಗೆಯ ಒಂದು ಬದಿಯೂ ಜೊತೆಗೆ. ಚುಚ್ಚಿದ ಕೆಲವೇ ಕ್ಷಣಗಳಲ್ಲಿ ನನ್ನ ಎದೆ ಡವಡವ ಎಂದಿತು. ಹೆದರಿಕೆಯೊಂದೇ ಕಾರಣವಲ್ಲ. ರಕ್ತನಾಳಗಳನ್ನು ಕುಗ್ಗಿಸಿ ಔಷಧ ಅಲ್ಲೇ ಬಹಳ ಹೊತ್ತು ನಿಲ್ಲುವಂತೆ ಮಾಡಲು ಅದರಲ್ಲಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ.

ತುಟಿ ದಪ್ಪವಾಗಲಿ ಎಂದು ಕಾಯುತ್ತ ಕೂತಾಗ, ಈ ಮರಗಟ್ಟುವಿಕೆಗೆ ನಾವು ಯಾರ‍್ಯಾರಿಗೆ ಋಣಿಗಳು ಎಂದು ಲೆಕ್ಕ ಹಾಕಿದೆ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ ಸೇದಿ ತನ್ನ ಹಲ್ಲನ್ನೇ ಕೀಳಿಸಿಕೊಂಡ, ನೋವಾಗುತ್ತದೆಯೋ ಇಲ್ಲವೋ ನೋಡಲು. ನನಗೆ ಕೊಟ್ಟ ಲಿಗ್ನೊಕೇನನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ. ಅವನ ಕಿರಿಯ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. ಬೇರೆಯವರ ನೋವು ಕಳೆಯಲು ತಮ್ಮ ಮೈಯನ್ನೇ ಒಡ್ಡಿದ ಇಂಥವರ ಹೆಸರು ಹಲ್ಲಿನ ಆಸ್ಪತ್ರೆಯ ಗೋಡೆಯ ಮೇಲೆ ಇರಬೇಕಿತ್ತು. ನಾನು ನೋಡಿದ ಗೋಡೆಯ ಮೇಲೆ ಇದ್ದದ್ದು ಹೊಳೆಯುವ ಹಲ್ಲಿನ ಹುಡುಗಿಯ ಚಿತ್ರ.

ಹಲ್ಲನ್ನು ಎಳೆದು ಕೀಳುತ್ತಾರೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಎಳೆಯುವುದು ಕೊನೆಯ ಕ್ಷಣದ ಕೆಲಸ, ಅದೂ ಹೆಸರಿಗೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ದಪ್ಪದ ನಾರಿನ ಪದರವೊಂದು ಎರಡರ ನಡುವೆ ಇರುತ್ತದೆ. ಆ ನಾರನ್ನು ಹರಿದು, ಮೂಳೆಯ ಗೂಡನ್ನು ಸ್ವಲ್ಪ ಸ್ವಲ್ಪವೇ ಅಗಲಿಸುವುದರಲ್ಲಿ ಡಾಕ್ಟರ ಶ್ರಮವೆಲ್ಲ ಹೋಗುತ್ತದೆ. ಬೇಲಿಯ ಹಳೆಯ ಗೂಟ ಕೀಳುವವರು ಮೊದಲು ಅತ್ತಿತ್ತ ಅಲುಗಿಸಿ ಮಣ್ಣು ಸಡಿಲ ಮಾಡಿಕೊಳ್ಳುವ ಹಾಗೆಯೇ ಇದು. ನನ್ನ ಗೂಟ ಆ ಉಪಾಯಕ್ಕೂ ಬಗ್ಗಲಿಲ್ಲ. ರೂಟ್ ಕೆನಾಲ್ ಆದ ಹಲ್ಲು ಪೆಡಸು. ಇಕ್ಕಳ ಹಿಡಿಯುತ್ತಲೇ ಕ್ಯಾಪಿನ ಸಮೇತ ಮೇಲಿನ ಭಾಗ ಮುರಿದು ಬಂತು. ಕೆಳಗಿನ ದವಡೆ ಹಲ್ಲಿಗೆ ಮುಂದೊಂದು ಹಿಂದೊಂದು ಎರಡು ಬೇರು. ಡಾಕ್ಟರು ಡ್ರಿಲ್ ಹಿಡಿದು ಅವೆರಡರ ನಡುವೆ ಕೊಯ್ದರು. ಬಳಿಕ ಚಪ್ಪಟೆ ಮೂತಿಯ ಸಲಾಕೆಯಂಥ ಉಪಕರಣದಿಂದ ಒಂದೊಂದೇ ಬೇರನ್ನು ಮೀಟಿದರು.

ನೋವಿರಲಿಲ್ಲ, ಒತ್ತಡವಿತ್ತು. ನೋವು ಸಾಗಿಸುವ ಸಪೂರ ನರತಂತುಗಳು ಔಷಧಕ್ಕೆ ಬೇಗ ಮಣಿಯುತ್ತವೆ, ಒತ್ತಡ ತಿಳಿಸುವ ದಪ್ಪ ತಂತುಗಳು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ. ಹಾಗಾಗಿ ಯಾರೋ ಅಂಗೈಯಿಂದ ದವಡೆಯನ್ನು ಕೆಳಗೆ ನೂಕುತ್ತಿದ್ದಾರೆ, ಆದರೆ ಅದು ನನ್ನ ದವಡೆಯಲ್ಲ ಎಂಬ ವಿಚಿತ್ರ ಅನುಭವ. ಸದ್ದು ಮಾತ್ರ ನನ್ನದೇ ಆಗಿತ್ತು. ಮೂಳೆಯ ಮೂಲಕ ಒಳಕಿವಿಗೆ ನೇರ ಬರುವ ಕರಕರ ಸದ್ದನ್ನು ಯಾವ ಇಂಜೆಕ್ಷನ್ನೂ ತಡೆಯುವುದಿಲ್ಲ. ಪಕ್ಕದಲ್ಲಿ ನಿಂತು ಜೊಲ್ಲು ಹೀರುವ ನಳಿಗೆ ಹಿಡಿದಿದ್ದ ಸಹಾಯಕಿ ಮಧ್ಯೆ ಮಧ್ಯೆ ನನ್ನ ಭುಜ ಮುಟ್ಟುತ್ತಿದ್ದಳು. ಆ ಹೊತ್ತಿನಲ್ಲಿ ಅದರಷ್ಟು ಉಪಕಾರ ಬೇರೆ ಯಾವುದೂ ಮಾಡಲಿಲ್ಲ.

ಹಲ್ಲನ್ನು ತೋರಿಸಿ ಎಂದು ಕೈಸನ್ನೆ ಮಾಡಿದೆ. ಡಾಕ್ಟರಿಗೆ ಖುಷಿಯಾಯಿತು, ಬಹಳ ಜನ ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಗಾಜ್ ಬಟ್ಟೆಯ ಮೇಲೆ ಮೂರು ತುಂಡು. ಕ್ಯಾಪಿನ ಕೆಳಗೆ ಇಷ್ಟು ಕಾಲ ಅಡಗಿದ್ದ ಹಲ್ಲು ಬೂದು ಬಣ್ಣಕ್ಕೆ ತಿರುಗಿತ್ತು. ಮುಂದಿನ ಬೇರಿನ ಉದ್ದಕ್ಕೂ ಕೂದಲೆಳೆಯಷ್ಟು ಕಪ್ಪು ಗೆರೆ, ಅದೇ ಬಿರುಕು. ಕೊಯ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಸಣ್ಣ ಎಳೆಯೊಂದು ಇಣುಕುತ್ತಿತ್ತು. ನರ ತೆಗೆದ ಕಾಲುವೆಯಲ್ಲಿ ತುಂಬಿದ ಗಟ್ಟಾಪರ್ಚಾ ಅದು. ಮಲಯದ ಕಾಡಿನ ಮರವೊಂದರ ಹಾಲಿನಿಂದ ಬಂದ ವಸ್ತು. 1851ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದಡಿಯಲ್ಲಿ ಹಾಸಿದ ತಂತಿಗೆ ನೀರು ತಾಗದಂತೆ ಸುತ್ತಿದ್ದು ಇದನ್ನೇ. ತೋಟದ ಮನೆಯವಳಾದ ನನಗೆ ಅದಕ್ಕಿಂತ ಹಿತವೆನಿಸಿದ ಸಂಗತಿ ಇನ್ನೊಂದು: ಆ ಮರ ನಮ್ಮ ಚಿಕ್ಕು, ಹಿಪ್ಪೆ, ಬಕುಳಗಳ ಕುಟುಂಬಕ್ಕೆ ಸೇರಿದ್ದು. ಅಲುಗಾಡುವ ಹಲ್ಲು ಗಟ್ಟಿಯಾಗಲಿ ಎಂದು ನಮ್ಮ ಹಳೆಯ ವೈದ್ಯರು ಅಗಿಯಲು ಕೊಡುತ್ತಿದ್ದದ್ದು ಬಕುಳದ ತೊಗಟೆ.

ಮನೆಗೆ ಹೊರಡುವ ಮುನ್ನ ಒಂದು ಚೀಟಿ ಕೊಟ್ಟರು. ಗುಳಿಯ ಮೇಲಿಟ್ಟ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಇಪ್ಪತ್ತನಾಲ್ಕು ಗಂಟೆ ಬಾಯಿ ಮುಕ್ಕಳಿಸಬಾರದು, ಬಿಸಿಯಾದದ್ದು ಕುಡಿಯಬಾರದು, ಸ್ಟ್ರಾ ಹಾಕಿ ಹೀರಬಾರದು, ಬೀಡಿ, ಸಿಗರೇಟು, ಕವಳ ಅಂದರೆ ಎಲೆ ಅಡಿಕೆ, ಯಾವುದೂ ಕೂಡದು. ಕೊನೆಗೆ ದಪ್ಪ ಅಕ್ಷರದಲ್ಲಿ: ಉಗುಳಬಾರದು. ಶಿರಸಿಯ ಡಾಕ್ಟರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಾದ ಅಗತ್ಯ ಗೊತ್ತು. ಅಡಿಕೆ ಬೆಳೆಯುವ, ಅಡಿಕೆ ಮಾರುವ, ಬಂದವರಿಗೆ ನೀರಿನ ಹಿಂದೆಯೇ ಕವಳದ ತಟ್ಟೆ ಹಿಡಿಯುವ ಸೀಮೆಯಲ್ಲಿ ಉಗುಳಬೇಡ ಎನ್ನುವುದು ಉಸಿರಾಡಬೇಡ ಎಂದಷ್ಟೇ ಕಷ್ಟ. ನಾನು ಕವಳ ಹಾಕುವವಳಲ್ಲ. ಆದರೂ ಬಾಯಲ್ಲಿ ರಕ್ತ ಬೆರೆತ ಜೊಲ್ಲು ತುಂಬಿದಾಗ ನುಂಗಬೇಕೆಂದರೆ ಗಂಟಲು ಒಪ್ಪುವುದಿಲ್ಲ. ರಕ್ತವನ್ನು ಹೊರಹಾಕಬೇಕೆಂಬುದು ಮೈಯ ಹಟ. ಆ ಹಟಕ್ಕೆ ಬಿದ್ದು ಉಗುಳಿದರೆ ಬಾಯೊಳಗಿನ ಸೆಳೆತಕ್ಕೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಕಿತ್ತು ಬರಬಹುದು. ಆ ಹೆಪ್ಪೇ ಮುಂದೆ ಮಾಂಸವಾಗಿ, ಮೂಳೆಯಾಗಿ ಗುಳಿಯನ್ನು ತುಂಬಬೇಕಾದದ್ದು. ಅದಕ್ಕೆ ನಾವು ಮಾಡಬಹುದಾದ ಸೇವೆಯೆಂದರೆ ಅದರ ಗೊಡವೆಗೆ ಹೋಗದಿರುವುದು.

ನಾಲಿಗೆಗೆ ಇದನ್ನು ಹೇಳುವವರಾರು? ಮರಗಟ್ಟಿದ್ದು ಬಿಡುತ್ತಿದ್ದಂತೆ ಅದು ಹೊರಟಿತು. ಗುಳಿಯ ಅಂಚು ಮುಟ್ಟಿ ಬರುತ್ತದೆ, ಬೈದರೆ ಸುಮ್ಮನಿರುತ್ತದೆ, ಕಣ್ತಪ್ಪಿಸಿ ಮತ್ತೆ ಹೋಗುತ್ತದೆ. ನಿದ್ದೆಯಲ್ಲಿ ಎಲ್ಲೆಲ್ಲಿ ಓಡಾಡಿತೋ ದೇವರೇ ಬಲ್ಲ.

ಆರಿದ್ರ ಮಳೆ ಹಿಡಿದು ಕೂತಿತ್ತು. ಇಂಥ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಏನು ನಡೆಯುತ್ತದೆ ಎಂದು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಡಬ್ಬಿ ಅಟ್ಟದಿಂದ ಇಳಿಯುತ್ತದೆ. ತೆಂಗಿನೆಣ್ಣೆಯಲ್ಲಿ ಹಪ್ಪಳ ಅರಳಿ ತಟ್ಟೆಗೆ ಬೀಳುತ್ತದೆ, ಅದರ ಜೊತೆ ಕಾಯಿಚೂರು. ಆ ಹಪ್ಪಳವನ್ನು ಈ ಸಲ ನಾನೇ ಹಚ್ಚಿ, ನಾನೇ ಒಣಗಿಸಿ, ಕಾಗೆ ಕಾದಿದ್ದೆ. ಈಗ ನಮ್ಮವರು, ಮಗಳು, ಪಕ್ಕದ ಮನೆಯವರು ಸೇರಿ ಕುರುಕುರು ಎನ್ನಿಸುತ್ತಿದ್ದರೆ ನನ್ನ ಎದುರಿಗೆ ತಣ್ಣಗಿನ ಗಂಜಿ. ಅತ್ತೆ ನನ್ನ ಮುಖ ನೋಡಿ ಹಪ್ಪಳದ ತುಂಡನ್ನು ಮಜ್ಜಿಗೆಯಲ್ಲಿ ನೆನೆಸಿಕೊಡಲೇ ಎಂದರು. ಬೇಡವೆಂದೆ. ನೆನೆದ ಹಪ್ಪಳ ತಿನ್ನುವಷ್ಟು ಇಳಿದಿರಲಿಲ್ಲ.

ಅನ್ನಕ್ಕೆ ಮಾತ್ರ ನಮ್ಮ ಸೀಮೆ ನನ್ನ ಕೈಬಿಡಲಿಲ್ಲ. ಹಲ್ಲು ಕೀಳಿಸಿಕೊಂಡವರಿಗೆಂದೇ ಯಾರೋ ತಂಬುಳಿಯನ್ನು ಕಂಡುಹಿಡಿದಿರಬೇಕು. ಒಂದೆಲಗವನ್ನು ಕಾಯಿತುರಿಯ ಜೊತೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಣ್ಣಗೂ ಇದೆ, ಅಗಿಯುವುದೂ ಇಲ್ಲ. ಸಾಸಿವೆ ಒಗ್ಗರಣೆ ಹಾಕಬೇಡಿ ಎಂದಷ್ಟೇ ಕೇಳಿಕೊಂಡೆ. ಗುಳಿಗೆ ಬಿದ್ದ ಸಾಸಿವೆ ಕಾಳನ್ನು ಹೊರಗೆ ಕರೆಯುವುದು ಸುಲಭವಲ್ಲ. ದೊಡ್ಡಪತ್ರೆ, ನೆಲ್ಲಿ, ಮೆಂತೆ ಎಂದು ದಿನಕ್ಕೊಂದು ತಂಬುಳಿಯಾಯಿತು. ಮೆತ್ತಗೆ ಬೆಂದ ಅನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ರಾಗಿ ಅಂಬಲಿ. ಅಪ್ಪೆಹುಳಿಯ ಪರಿಮಳ ಬಂದ ದಿನ ಮಾತ್ರ ಅಡುಗೆಮನೆಯಿಂದ ಎದ್ದು ಹೋದೆ.

ಅತ್ತೆಗೆ ಯಕ್ಷಗಾನದ ಹುಚ್ಚು. ನನ್ನ ತಟ್ಟೆ ನೋಡಿ 'ಪೂಷನ ಊಟ' ಎಂದು ಹೆಸರಿಟ್ಟರು. ದಕ್ಷಯಜ್ಞದಲ್ಲಿ ದಕ್ಷ ಶಿವನನ್ನು ಹಳಿಯುವಾಗ ಪೂಷನೆಂಬ ದೇವತೆ ಹಲ್ಲು ಕಿರಿದು ನಕ್ಕನಂತೆ. ಯಜ್ಞ ಧ್ವಂಸವಾಗುವಾಗ ಆ ಹಲ್ಲುಗಳೇ ಉದುರಿಹೋದವು. ಆಮೇಲೆ ಶಿವ ಪ್ರಸನ್ನನಾಗಿ ಎಲ್ಲರಿಗೂ ಏನೇನೋ ಮರಳಿಸಿದ. ದಕ್ಷನಿಗೆ ಆಡಿನದಾದರೂ ಒಂದು ತಲೆ ಸಿಕ್ಕಿತು, ಪೂಷನಿಗೆ ಹಲ್ಲು ಮಾತ್ರ ಸಿಗಲಿಲ್ಲ. ಹಿಟ್ಟು ಮಾಡಿದ ಹವಿಸ್ಸನ್ನು ತಿಂದುಕೊಂಡಿರು, ಅಗಿಯಬೇಕಾದರೆ ಯಜ್ಞ ಮಾಡಿಸುವ ಯಜಮಾನನ ಹಲ್ಲಿನಿಂದ ಅಗಿ ಎಂದಾಯಿತು. ವೇದಕಾಲದಿಂದಲೂ ಪೂಷನ ಪಾಲಿಗೆ ಗಂಜಿಯೇ. ತಲೆ ಹೋದವನಿಗೆ ಬದಲಿ ಸಿಕ್ಕರೂ ಹಲ್ಲು ಹೋದವನಿಗೆ ಸಿಗಲಿಲ್ಲ ಎನ್ನುವುದನ್ನು ಪುರಾಣ ಬರೆದವರು ಅನುಭವದಿಂದಲೇ ಬರೆದಿರಬೇಕು.

ಊತ ಇಳಿಯುತ್ತ ಬಂತು, ಮಾತ್ರೆಯೂ ಕಡಿಮೆಯಾಯಿತು. ಎಲ್ಲ ಸುಸೂತ್ರವಾಯಿತು ಎನ್ನುವಷ್ಟರಲ್ಲಿ ಹೊಸ ನೋವೊಂದು ಶುರುವಾಯಿತು. ಮೊದಲಿನ ನೋವಿನ ಜಾತಿಯೇ ಅಲ್ಲ. ಗುಳಿಯಲ್ಲಿ ಹುಟ್ಟಿ ದವಡೆಯ ಅಂಚಿನಲ್ಲಿ ಹರಿದು ಕಿವಿಯೊಳಗೆ ಮಿಡಿಯುವ, ರಾತ್ರಿ ದಿಂಬಿಗೆ ತಲೆ ಕೊಡಲು ಬಿಡದ ನೋವು. ಜೊತೆಗೆ ಬಾಯಲ್ಲಿ ಕೆಟ್ಟ ವಾಸನೆ. ಕನ್ನಡಿಯಲ್ಲಿ ನೋಡಿದರೆ ಗುಳಿಯ ತಳ ಬೆಳ್ಳಗೆ ಕಾಣುತ್ತಿತ್ತು. ಹೆಪ್ಪು ಕರಗಿಹೋಗಿ ಮೂಳೆ ಬರಿದಾಗಿತ್ತು. ಡ್ರೈ ಸಾಕೆಟ್ ಎಂದು ಇದರ ಹೆಸರು. 1896ರಿಂದ ವೈದ್ಯಗ್ರಂಥಗಳಲ್ಲಿ ಇದೇ ಹೆಸರಿನಿಂದ ಇದೆ. ಹಲ್ಲು ಕೀಳಿಸಿಕೊಂಡ ನೂರು ಮಂದಿಯಲ್ಲಿ ಒಬ್ಬರಿಂದ ಐವರಿಗೆ ಬರುತ್ತದೆ. ಕೆಳದವಡೆಯ ಮೂಳೆ ಗಟ್ಟಿ, ಅಲ್ಲಿ ರಕ್ತಸಂಚಾರ ಕಡಿಮೆ, ಆದ್ದರಿಂದ ಅಲ್ಲಿ ಹೆಚ್ಚು. ನನ್ನ ಹಲ್ಲಿನಂತೆ ಕೊಯ್ದು, ಮೀಟಿ ತೆಗೆಯಬೇಕಾಗಿ ಬಂದವುಗಳಲ್ಲಿ ಇನ್ನೂ ಹೆಚ್ಚು. ಸಾಮಾನ್ಯ ಗಾಯದ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ಎರಡು ಮೂರು ದಿನ ಕಳೆದ ಮೇಲೆ ತಿರುಗಿ ಏರಿದರೆ ಮನೆಯಲ್ಲಿ ಕೂರಬಾರದು. ಈ ಒಂದು ಮಾತನ್ನು ಚೀಟಿಯಲ್ಲಿ ಉಗುಳಬಾರದು ಎಂಬುದಕ್ಕಿಂತಲೂ ದಪ್ಪ ಅಕ್ಷರದಲ್ಲಿ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಡಾಕ್ಟರಿಗೂ ಹೇಳಿ ಬಂದೆ.

ಅವರು ಗುಳಿಯನ್ನು ಉಗುರುಬೆಚ್ಚಗಿನ ಸಲೈನಿನಿಂದ ತೊಳೆದು, ಔಷಧ ಸವರಿದ ಸಣ್ಣ ಗಾಜ್ ಪಟ್ಟಿಯೊಂದನ್ನು ಒಳಗೆ ಇಳಿಸಿದರು. ಬಾಯೆಲ್ಲ ಲವಂಗದ ಘಮ. ಯುಜಿನಾಲ್ ಎಂಬ ಲವಂಗದೆಣ್ಣೆಯ ಸತ್ವ ಅದು. ಕುರ್ಚಿಯಿಂದ ಇಳಿಯುವ ಮೊದಲೇ ನೋವು ಅರ್ಧಕ್ಕೆ ಇಳಿದಿತ್ತು. ಆ ರಾತ್ರಿ ಬೆಳಗಾಗುವವರೆಗೆ ನಿದ್ದೆ. ಮನೆಯಲ್ಲಿ ಅತ್ತೆಗೆ ಗೆದ್ದ ಸಂಭ್ರಮ. ಮೊದಲ ದಿನದಿಂದಲೂ ಲವಂಗ ಇಟ್ಟುಕೋ ಎಂದು ಅವರು ಹೇಳುತ್ತಲೇ ಇದ್ದರು, ನಾನು ಕೇಳಿರಲಿಲ್ಲ. ಕೇಳದಿದ್ದದ್ದೇ ಸರಿ ಎಂದು ಈಗಲೂ ಹೇಳುತ್ತೇನೆ: ನೇರ ಲವಂಗದೆಣ್ಣೆ ಎಳೆಗಾಯವನ್ನು ಸುಡುತ್ತದೆ, ಹೆಪ್ಪು ಇರುವ ಗುಳಿಗೆ ಅದರ ಅಗತ್ಯವೂ ಇಲ್ಲ. ಪಟ್ಟಿ ಬದಲಿಸಲು ಮತ್ತೆ ಹೋಗಬೇಕಾಯಿತು. ನೋವು ನಿಂತ ಮೇಲೆ ಪಟ್ಟಿ ತೆಗೆದುಬಿಟ್ಟರು. ಅದು ಇರುವಷ್ಟು ದಿನ ಒಳಗೆ ಹೊಸ ಮಾಂಸ ತುಂಬಿಕೊಳ್ಳುವುದಿಲ್ಲವಂತೆ.

ಮೇಲ್ಪದರ ಮುಚ್ಚಿಕೊಳ್ಳಲು ವಾರಗಳು ಹಿಡಿದವು. ಅಷ್ಟು ದಿನವೂ ಊಟವಾದ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಗುಳಿಯನ್ನು ತೊಳೆಯುವುದು ನಿತ್ಯದ ಕರ್ಮವಾಯಿತು. ಅಗುಳು, ಸೊಪ್ಪಿನ ನಾರು, ಒಮ್ಮೆ ಇಡೀ ಜೀರಿಗೆ ಕಾಳು, ಏನೆಲ್ಲ ಬಂತು. ಹ್ಯಾಂಡ್‌ಬ್ಯಾಗಿನಲ್ಲಿ ಸಿರಿಂಜ್ ಇಟ್ಟುಕೊಂಡು ಮದುವೆ ಊಟಕ್ಕೆ ಹೋದವಳು ಆ ಪಂಕ್ತಿಯಲ್ಲಿ ನಾನೊಬ್ಬಳೇ ಇರಬೇಕು.

ಆ ಹೊತ್ತಿಗೆ ಎಲ್ಲರೂ ನನ್ನ ಹಲ್ಲನ್ನು ಮರೆತಿದ್ದರು. ಆದರೆ ಹೊರಗೆ ಗುಳಿ ಮುಚ್ಚಿಕೊಳ್ಳುವಾಗ ಒಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಹಲ್ಲನ್ನು ಹಿಡಿದುಕೊಳ್ಳಲೆಂದೇ ಇದ್ದ ಮೂಳೆಗೆ ಹಲ್ಲಿಲ್ಲದ ಮೇಲೆ ಕೆಲಸವಿಲ್ಲ, ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಅದರ ಅಗಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆ ನಷ್ಟದ ಹೆಚ್ಚಿನ ಪಾಲು ಮೊದಲ ಮೂರೇ ತಿಂಗಳಲ್ಲಿ. ಹಿಂದಿನ ಹಲ್ಲು ನಿಧಾನವಾಗಿ ಖಾಲಿ ಜಾಗದತ್ತ ವಾಲುತ್ತದೆ. ಮೇಲಿನ ಹಲ್ಲಿಗೆ ಎದುರಾಳಿ ಇಲ್ಲದೆ ಅದು ಕೆಳಗಿಳಿಯತೊಡಗುತ್ತದೆ. ಡಾಕ್ಟರು ಇದನ್ನು ಪ್ಲಾಸ್ಟರಿನ ಅಚ್ಚು ಹಿಡಿದು ವಿವರಿಸಿದರು. ನನಗೆ ಅಚ್ಚು ಬೇಕಿರಲಿಲ್ಲ, ಉದಾಹರಣೆ ಮನೆಯ ಜಗುಲಿಯಲ್ಲೇ ಕೂತಿತ್ತು.

ಅತ್ತೆ ಐವತ್ತು ದಾಟುವಷ್ಟರಲ್ಲಿ ಕೆಳಗಿನ ದವಡೆ ಹಲ್ಲುಗಳನ್ನೆಲ್ಲ ಒಂದೊಂದಾಗಿ ಕೀಳಿಸಿದ್ದರು. ಮೇಲಿನವನ್ನು ಕಣ್ಣಿನ ಹೆದರಿಕೆಯಿಂದ ಮುಟ್ಟಿಸಲಿಲ್ಲ. ಹೆಚ್ಚಿನವು ತಾವಾಗಿಯೇ ಉದುರಿದವು. ಬಲಗಡೆ ಉಳಿದಿರುವ ಒಂದು ದವಡೆ ಹಲ್ಲು ಇಷ್ಟು ವರ್ಷಗಳಲ್ಲಿ ಇಳಿದು ಇಳಿದು, ಬಾಯಿ ಮುಚ್ಚಿದರೆ ಕೆಳಗಿನ ಬೋಳು ವಸಡಿಗೆ ತಾಗುತ್ತದೆ. ಒಮ್ಮೆ ಕೆಳಗಿನ ಸಾಲಿಗೆ ಹಲ್ಲು ಕಟ್ಟಿಸಿಯೂ ಆಗಿತ್ತು. ಹಿಡಿದು ನಿಲ್ಲಲು ಮೂಳೆಯ ದಿಬ್ಬವೇ ಇಲ್ಲ, ಮಾತಾಡಿದರೆ ಸೆಟ್ಟು ಎದ್ದು ಬರುತ್ತದೆ, ಆ ಮೇಲಿನ ಹಲ್ಲು ಬೇರೆ ಅದಕ್ಕೆ ಬಡಿಯುತ್ತದೆ. ಸೆಟ್ಟು ಈಗ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ಎಲೆ ಅಡಿಕೆಗೆ ಕುಟ್ಟಾಣಿ, ದೋಸೆಗೆ ಹಾಲು, ಹಪ್ಪಳಕ್ಕೆ ಮಜ್ಜಿಗೆ. ಕೀಳಿಸಿದಾಗೆಲ್ಲ ಮುಗಿಯಿತೆಂದೇ ಅವರೂ ತಿಳಿದಿದ್ದರು. ನಾನು ಅವರ ವಸಡಿನ ಕಡೆ ನೋಡುವುದನ್ನು ಗಮನಿಸಿ ಅವರೇ ಹೇಳಿದರು: 'ನೀನು ಕಟ್ಟಿಸಿಕೋ ತಂಗಿ. ನಮ್ಮ ಕಾಲದಲ್ಲಿ ಹೇಳುವವರಿರಲಿಲ್ಲ.'

ಕಟ್ಟಿಸಿಕೊಳ್ಳುವುದಕ್ಕೆ ದಾರಿ ಎರಡು ಮೂರಿವೆ. ತೆಗೆದು ಹಾಕುವ ಹಲ್ಲು ಅಗ್ಗ, ಒಂದೇ ಹಲ್ಲಿಗಾಗಿ ದಿನವೂ ಅದರ ರಗಳೆ ನನಗೆ ಬೇಡ. ಬ್ರಿಡ್ಜ್ ಹಾಕಿಸಬೇಕೆಂದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಅರೆದು ಅವುಗಳ ಮೇಲೆ ಸೇತುವೆ ನಿಲ್ಲಿಸಬೇಕು. ನನ್ನ ಆ ಎರಡೂ ಹಲ್ಲುಗಳು ಹುಳುಕು ಕಾಣದ, ತುಂಬಿಸಿಕೊಳ್ಳದ ಹಲ್ಲುಗಳು. ಸತ್ತ ಒಂದಕ್ಕಾಗಿ ಬದುಕಿರುವ ಎರಡನ್ನು ಅರೆಯಲು ಮನಸ್ಸು ಬರುತ್ತಿಲ್ಲ. ಉಳಿದದ್ದು ಇಂಪ್ಲಾಂಟ್. ಮೂಳೆಗೆ ಟೈಟೇನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು. ಇದೂ ಸ್ವೀಡನ್ನಿನದೇ. 1950ರ ದಶಕದಲ್ಲಿ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟೇನಿಯಂ ಉಪಕರಣವೊಂದನ್ನು ಇಟ್ಟಿದ್ದ. ಕೆಲಸ ಮುಗಿದ ಮೇಲೆ ಎಷ್ಟು ಪ್ರಯತ್ನಿಸಿದರೂ ಅದು ಹೊರಗೆ ಬರಲಿಲ್ಲ, ಮೂಳೆ ಅದನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬಾತನ ದವಡೆಗೆ ಮೊದಲ ಬಾರಿಗೆ ಅಂಥ ತಿರುಪುಗಳನ್ನು ಹಾಕಿದ. ಅವು ನಾಲ್ಕು ದಶಕ, ಅಂದರೆ ಆತ ಬದುಕಿರುವ ತನಕ ನಿಂತವು.

ಅಷ್ಟು ವರ್ಷ ನನಗೆ ಬೇಕಾಗಿಯೂ ಇಲ್ಲ. ತೊಡಕಿರುವುದು ಬೆಲೆಯಲ್ಲಿ. ನಮ್ಮವರು ಎಲ್ಲವನ್ನೂ ಅಡಿಕೆಯಲ್ಲಿ ಲೆಕ್ಕ ಹಾಕುವವರು. ಒಂದು ಹಲ್ಲೆಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಎಂದು ಹೇಳಿ ಸುಮ್ಮನಾದರು. ಈ ವರ್ಷದ ಮಳೆಗೆ ಕೊಳೆರೋಗ ಬೇರೆ ತಗುಲಿದೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಿಂದೆ ಸರಿಯುವ ಯೋಚನೆ ನನಗಿಲ್ಲ. ಮೂಳೆ ತುಂಬಿಕೊಳ್ಳಲು ಮೂರು ನಾಲ್ಕು ತಿಂಗಳು ಬಿಡಬೇಕು, ತೀರಾ ತಡವಾದರೆ ಅದು ಸವೆಯುತ್ತದೆ. ದೀಪಾವಳಿ ಕಳೆದ ಮೇಲೆ ಎಕ್ಸ್‌ರೇಗೆ ಬನ್ನಿ ಎಂದಿದ್ದಾರೆ. ಕಂತಿನಲ್ಲಿ ಕೊಡಬಹುದೇ ಎಂದು ಕೇಳಿದ್ದೇನೆ, ಕೊಡಬಹುದಂತೆ. ಅಲ್ಲಿಯವರೆಗೆ ಬಲಗಡೆಯಿಂದಲೇ ಅಗಿಯುತ್ತಿದ್ದೇನೆ. ಮೇಲಿನ ಹಲ್ಲು ಎಷ್ಟು ಇಳಿದಿದೆ ಎಂದು ಮಗಳು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದು ಡಾಕ್ಟರಿಗೆ ಕಳಿಸುತ್ತಾಳೆ.